‘₹19,999ಕ್ಕೆ ಫಾರಿನ್ ಟ್ರಿಪ್, 59 ದೇಶಕ್ಕೆ ವೀಸಾನೇ ಬೇಡ’: ಈ ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

ಫಳ್ನೀರ್‌ನಲ್ಲಿ ನಾನಿರುವ ಪಿಜಿಯ ಕೆಳಗೊಂದು ಜೆರಾಕ್ಸ್ ಅಂಗಡಿ ಉಂಟು. ಅಲ್ಲಿ ಸಂಜೆ ಹೊತ್ತು ಕೂರುವ ಹುಡುಗ ಬಿಕಾಂ ಮುಗಿಸಿ ಒಂದು ವರ್ಷ ಆಯಿತು. ಕಳೆದ ತಿಂಗಳು ಪ್ರಿಂಟ್ ತೆಗೆಸಲು ಹೋದಾಗ ಮೊಬೈಲ್ ನನ್ನ ಕಡೆ ತಿರುಗಿಸಿದ. "ಅಕ್ಕ, ಇದು ಹೌದಾ? ನನ್ನತ್ರ ನಲ್ವತ್ತು ಸಾವಿರ ಉಂಟು."

‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಗುರುತಿದ್ದ ಸಂದೇಶ. ಭಾರತೀಯರಿಗೆ 59 ದೇಶಗಳಿಗೆ ವೀಸಾ ಬೇಡ; ₹19,999ಕ್ಕೆ ಮಲೇಷ್ಯಾ, ಥೈಲ್ಯಾಂಡ್ ನೋಡಿ ಬರಬಹುದು; ಹೋದ ಮೇಲೆ ಬೇಕಿದ್ದರೆ ಅಲ್ಲೇ ಡೇಟಾ ಎಂಟ್ರಿ ಕೆಲಸ, ತಿಂಗಳಿಗೆ ₹80,000, ಇಂಟರ್‌ವ್ಯೂ ವಾಟ್ಸ್ಆ್ಯಪ್‌ನಲ್ಲೇ. ಇಂಥ ಸಂದೇಶ ನಿಮಗೂ ಬಂದಿರಬಹುದು, ದೇಶದ ಹೆಸರು ಮತ್ತು ಮೊತ್ತ ಮಾತ್ರ ಬೇರೆ.

ಮೊದಲೇ ಹೇಳಿಬಿಡುತ್ತೇನೆ. ಮೊದಲ ಮಾತು ಅರ್ಧ ನಿಜ. ಎರಡನೆಯದು ಖರ್ಚಿನ ಅರ್ಧವನ್ನು ಮುಚ್ಚಿಟ್ಟ ಲೆಕ್ಕ. ಮೂರನೆಯದನ್ನು ನಂಬಿ ಹೊರಟವರು ಬಂದೂಕಿನ ಕಾವಲಲ್ಲಿ ಸಿಕ್ಕಿಬಿದ್ದದ್ದಿದೆ. ಆದರೆ ಕಡಿಮೆ ದುಡ್ಡಿನಲ್ಲಿ ವಿದೇಶ ನೋಡುವುದೇ ಸುಳ್ಳು ಎಂದಲ್ಲ, ನಾನೇ ಹೋಗಿ ಬಂದಿದ್ದೇನೆ.

‘59 ದೇಶ’ ಎಲ್ಲಿಂದ ಬಂತು?

ಹೆನ್ಲಿ ಪಾಸ್‌ಪೋರ್ಟ್ ಸೂಚ್ಯಂಕ ಎಂಬ ಪಟ್ಟಿಯಿದೆ. ಯಾವ ದೇಶದ ಪಾಸ್‌ಪೋರ್ಟ್ ಹಿಡಿದು ಎಷ್ಟು ಕಡೆ ಮೊದಲೇ ವೀಸಾ ಪಡೆಯದೆ ಹೋಗಬಹುದು ಎಂದು ಅದು ಎಣಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಭಾರತದ ಅಂಕಿ ಐವತ್ತರಿಂದ ಅರವತ್ತರ ಆಸುಪಾಸಿನಲ್ಲೇ ಏರಿಳಿದಿದೆ. ಫಾರ್ವರ್ಡ್ ಬಿಟ್ಟದ್ದು ಇಷ್ಟು: ಆ ಎಣಿಕೆಯಲ್ಲಿ ವೀಸಾವೇ ಬೇಡದ ದೇಶಗಳ ಜೊತೆಗೆ, ವಿಮಾನ ಇಳಿದ ಮೇಲೆ ದುಡ್ಡು ಕಟ್ಟಿ ವೀಸಾ ಪಡೆಯುವ ದೇಶಗಳೂ, ಹೊರಡುವ ಮುನ್ನ ಆನ್‌ಲೈನ್ ಅನುಮತಿ ಬೇಕಾದ ದೇಶಗಳೂ ಸೇರಿವೆ.

ಇನ್ನೊಂದು ತಮಾಷೆ ಉಂಟು. ಪಟ್ಟಿಯಲ್ಲಿ ಡೊಮಿನಿಕಾ, ಹೈಟಿ, ಮೈಕ್ರೊನೇಷ್ಯಾ, ವನುವಾಟು, ಕುಕ್ ದ್ವೀಪಗಳ ಹೆಸರೂ ಇದೆ. ಅಲ್ಲಿಗೆ ನಮಗೆ ವೀಸಾ ಬೇಡ ನಿಜ, ಆದರೆ ತಲುಪಲು ಎರಡು ಮೂರು ವಿಮಾನ ಬದಲಿಸಬೇಕು. ನಡುವೆ ಇಳಿಯುವ ದೇಶ ಟ್ರಾನ್ಸಿಟ್ ವೀಸಾ ಕೇಳಬಹುದು. ನಲ್ವತ್ತು ಸಾವಿರ ಇಟ್ಟುಕೊಂಡವರಿಗೆ ಈ ಹೆಸರುಗಳು ಲೆಕ್ಕಕ್ಕೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ತೊಂದರೆ, ಪಟ್ಟಿ ಹಳಸುತ್ತದೆ. ಸರ್ಬಿಯಾ 2023ರ ಜನವರಿ 1ರಿಂದ ಭಾರತೀಯರಿಗೆ ವೀಸಾ ಕಡ್ಡಾಯ ಮಾಡಿತು. ಇರಾನ್ 2024ರ ಫೆಬ್ರವರಿಯಲ್ಲಿ ಕೊಟ್ಟ ವೀಸಾ ವಿನಾಯಿತಿಯನ್ನು 2025ರ ನವೆಂಬರ್ 22ರಿಂದ ನಿಲ್ಲಿಸಿತು. ಕೆಲಸದ ಆಮಿಷ ತೋರಿಸಿ ಭಾರತೀಯರನ್ನು ಅಲ್ಲಿಗೆ ಕರೆಸಿಕೊಂಡು, ಅಪಹರಿಸಿ, ಹಣಕ್ಕಾಗಿ ಒತ್ತೆ ಇಟ್ಟ ಪ್ರಕರಣಗಳೇ ಅದಕ್ಕೆ ಕಾರಣ. ಶ್ರೀಲಂಕಾದ ನಿಯಮ 2023ರಿಂದೀಚೆ ಹಲವು ಸಲ ಬದಲಾಗಿದೆ. ಎರಡು ವರ್ಷ ಹಿಂದಿನ ಫಾರ್ವರ್ಡ್‌ನಲ್ಲಿ ಇವೆಲ್ಲ ಇನ್ನೂ ‘ಫ್ರೀ’ಯೇ.

ಹತ್ತಿರದ, ಕೈಗೆಟಕುವ ದೇಶಗಳನ್ನು ನೋಡೋಣ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಪ್ರವೇಶ ಕೊಟ್ಟಿದೆ. ಈ ವಿನಾಯಿತಿ 2026ರ ಕೊನೆಯವರೆಗೆ ವಿಸ್ತರಣೆಯಾಗಿದೆ. ಥೈಲ್ಯಾಂಡ್ 2024ರ ಜುಲೈ 15ರಿಂದ 60 ದಿನದ ವಿನಾಯಿತಿ ಕೊಟ್ಟಿತು, ಅದನ್ನು ಕಡಿತ ಮಾಡುವ ಮಾತು ಆಮೇಲೆ ಅಲ್ಲಿನ ಸರ್ಕಾರದಿಂದಲೇ ಬಂದಿದೆ. ವಿಯೆಟ್ನಾಂಗೆ ಇ-ವೀಸಾ ಬೇಕು. ಒಂದು ಪ್ರವೇಶಕ್ಕೆ 25 ಡಾಲರ್, 90 ದಿನದವರೆಗೆ.

ವೀಸಾ ಬೇಡ ಎಂದರೆ ಕಾಗದವೇ ಬೇಡ ಎಂದಲ್ಲ. ಮಲೇಷ್ಯಾಕ್ಕೆ ಹೋಗುವ ಮೂರು ದಿನದೊಳಗೆ ಎಂಡಿಎಸಿ ಎಂಬ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ಥೈಲ್ಯಾಂಡಿಗೆ 2025ರ ಮೇ 1ರಿಂದ ಟಿಡಿಎಸಿ ಕಡ್ಡಾಯ. ಎರಡೂ ಪೂರ್ತಿ ಉಚಿತ. ಆದರೆ ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಕಾಣುವುದು ಹೆಚ್ಚಾಗಿ ಜಾಹೀರಾತು ಕೊಟ್ಟ ಖಾಸಗಿ ಸೈಟುಗಳು. ಅವು ಇದೇ ಫಾರ್ಮ್‌ಗೆ ನಾಲ್ಕೈದು ಸಾವಿರ ಕೀಳುತ್ತವೆ. ವಿಳಾಸದ ಕೊನೆ ನೋಡಿ. ಮಲೇಷ್ಯಾದ್ದಾದರೆ ‘ಡಾಟ್ ಗವ್ ಡಾಟ್ ಎಂವೈ’, ಥೈಲ್ಯಾಂಡಿನದಾದರೆ ‘ಡಾಟ್ ಗೋ ಡಾಟ್ ಟಿಎಚ್’, ವಿಯೆಟ್ನಾಂದಾದರೆ ‘ಡಾಟ್ ಗವ್ ಡಾಟ್ ವಿಎನ್’ ಇರಬೇಕು. ಮತ್ತೆ, ಪಾಸ್‌ಪೋರ್ಟ್ ಅವಧಿ ಹೋಗುವ ದಿನದಿಂದ ಕನಿಷ್ಠ ಆರು ತಿಂಗಳು ಬಾಕಿ ಇರಲೇಬೇಕು. ಇಲ್ಲದಿದ್ದರೆ ಚೆಕ್-ಇನ್ ಕೌಂಟರಿನಿಂದಲೇ ವಾಪಸ್ ಕಳಿಸುತ್ತಾರೆ.

₹19,999 ಮತ್ತು ನನ್ನ ನಿಜವಾದ ಬಿಲ್

ಮಂಗಳೂರಿನವರಿಗೆ ಒಂದು ವಿಚಿತ್ರ ಪರಿಸ್ಥಿತಿ. ಬಜ್ಪೆಯಿಂದ ದುಬೈ, ಅಬುಧಾಬಿಯಂಥ ಗಲ್ಫ್ ನಗರಗಳಿಗೆ ನೇರ ವಿಮಾನ ಇದೆ, 2006ರಿಂದಲೇ ಇದೆ. ಆದರೆ ಊಟ, ವಸತಿ ಅಗ್ಗ ಇರುವುದು ಆಗ್ನೇಯ ಏಷ್ಯಾದಲ್ಲಿ. ಅಲ್ಲಿಗೆ ಹೋಗಲು ನಾವು ಬೆಂಗಳೂರು, ಕೊಚ್ಚಿ ಅಥವಾ ಚೆನ್ನೈ ಹಿಡಿಯಬೇಕು. ಫಾರ್ವರ್ಡ್‌ಗಳ ‘ಪ್ಯಾಕೇಜ್’ ಶುರುವಾಗುವುದೇ ಆ ಊರುಗಳಿಂದ. ನಮ್ಮ ಮನೆ ಬಾಗಿಲಿಂದ ಅಲ್ಲಿಯ ತನಕದ ಖರ್ಚು ಅದರಲ್ಲಿ ಇರುವುದಿಲ್ಲ.

ನಾನು ಮಲೇಷ್ಯಾಕ್ಕೆ ಹೋದದ್ದು ಕೊಚ್ಚಿಯಿಂದ. ಫಳ್ನೀರ್‌ನಿಂದ ಸೆಂಟ್ರಲ್ ಸ್ಟೇಷನ್‌ಗೆ ನಡೆದೇ ಹೋಗಬಹುದು. ಸಂಜೆ ರೈಲು ಹತ್ತಿ ನಡುರಾತ್ರಿ ಕಳೆದು ಆಲುವಾದಲ್ಲಿ ಇಳಿದರೆ ವಿಮಾನ ನಿಲ್ದಾಣ ಹತ್ತಿರ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ, ಮೆಜೆಸ್ಟಿಕ್‌ನಿಂದ ಮತ್ತೆ ವಾಯುವಜ್ರ ಹಿಡಿದು ದೇವನಹಳ್ಳಿಗೆ ಹೋಗುವುದಕ್ಕಿಂತ ನನಗೆ ಇದೇ ಅಗ್ಗವಾಯಿತು. ಎಲ್ಲ ತಿಂಗಳಲ್ಲೂ ಹಾಗಾಗಬೇಕೆಂದಿಲ್ಲ, ಟಿಕೆಟ್ ಬೆಲೆ ಸೇರಿಸಿ ಎರಡೂ ಕಡೆಯ ಲೆಕ್ಕ ಹಾಕಿ ನೋಡಿ.

ಆರು ರಾತ್ರಿ, ಕೌಲಾಲಂಪುರ ಮತ್ತು ಪೆನಾಂಗ್. ಹೋಗಿ ಬರುವ ವಿಮಾನ ಟಿಕೆಟ್ ₹15,200. ಸ್ಲೀಪರ್ ರೈಲು, ಆಲುವಾದಿಂದ ಆಟೊ ಸೇರಿ ₹940. ಹಾಸ್ಟೆಲ್ ಡಾರ್ಮಿಟರಿಯಲ್ಲಿ ಒಂದು ಹಾಸಿಗೆಗೆ ರಾತ್ರಿಗೆ ಸುಮಾರು ₹900ರಂತೆ ₹5,400. ಊಟ ತಿಂಡಿ ₹6,300. ಅಲ್ಲಿನ ಬಸ್ಸು, ರೈಲು ₹3,400. ಇನ್ಶೂರೆನ್ಸ್ ₹700, ಸಿಮ್ ₹600, ಬ್ಯಾಂಕಿನವರ ಶುಲ್ಕಗಳು ₹1,100. ಮತ್ತೆ ನನ್ನದೇ ದಡ್ಡತನಕ್ಕೆ ₹3,200. ಟಿಕೆಟ್‌ನಲ್ಲಿ 7 ಕೆಜಿ ಕೈಚೀಲ ಮಾತ್ರ ಇತ್ತು, ವಾಪಸ್ ಬರುವಾಗ ಕೌಂಟರಿನಲ್ಲಿ ತೂಗಿದರೆ ಒಂಬತ್ತೂವರೆ ಕೆಜಿ. ಅಮ್ಮನಿಗೆ ತಂದ ಕಾಫಿ ಪುಡಿ, ಅತ್ತಿಗೆಗೆ ತಂದ ಬಟ್ಟೆ ಎರಡೂ ಸೇರಿ ಅಷ್ಟು ಬೆಲೆ ಬಾಳುತ್ತಿರಲಿಲ್ಲ. ಒಟ್ಟು ₹36,840. ಪಾಸ್‌ಪೋರ್ಟ್‌ನ ₹1,500 ಇದರಲ್ಲಿ ಸೇರಿಲ್ಲ, ಅದು ಮೊದಲೇ ಇತ್ತು.

ಅಂದರೆ ₹19,999 ಎಂಬುದು ಪೂರ್ತಿ ಕಲ್ಪನೆ ಅಲ್ಲ. ಟಿಕೆಟ್ ಮತ್ತು ವಸತಿಯನ್ನು ಮಾತ್ರ ಕೂಡಿಸಿದರೆ ಅದರ ಹತ್ತಿರ ಬರುತ್ತದೆ. ಉಳಿದದ್ದನ್ನು ಅಲ್ಲಿ ಹೋದ ಮೇಲೆ ನೀವೇ ಕೊಡುತ್ತೀರಿ. ಮಲೇಷ್ಯಾದಲ್ಲಿ ವಿದೇಶಿಯರಿಗೆ ಕೋಣೆಯೊಂದಕ್ಕೆ ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆ ಉಂಟು, ಅದನ್ನು ಬುಕಿಂಗ್ ಆ್ಯಪ್ ಎಷ್ಟೋ ಸಲ ಮೊದಲು ತೋರಿಸುವುದೇ ಇಲ್ಲ.

ಪ್ಯಾಕೇಜ್ ಕೊಂಡರೆ ಟಿಸಿಎಸ್ ಎಂಬ ಇನ್ನೊಂದು ಸಾಲು ಬಿಲ್ಲಿನಲ್ಲಿ ಬರುತ್ತದೆ. ಅದರ ದರ ಬಜೆಟ್‌ಗಳಲ್ಲಿ ಬದಲಾಗುತ್ತ ಬಂದಿದೆ. ಅದು ಕಳೆದುಹೋದ ಹಣವಲ್ಲ, ನಿಮ್ಮ ಪ್ಯಾನ್ ಸಂಖ್ಯೆಯ ಮೇಲೆ ಜಮಾ ಆಗಿರುತ್ತದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ವಾಪಸ್ ಕೇಳಬಹುದು. ವಿಮಾನದ ಟಿಕೆಟ್ ಮಾತ್ರ ಅಥವಾ ಹೋಟೆಲ್ ಮಾತ್ರ ಕೊಂಡರೆ ಅದು ಪ್ಯಾಕೇಜ್ ಎನಿಸುವುದಿಲ್ಲ.

ಇನ್‌ಕಾಗ್ನಿಟೊದಲ್ಲಿ ಹುಡುಕಿದರೆ ಟಿಕೆಟ್ ಅಗ್ಗವೇ?

ಇದು ಬಹಳ ಹಳೆಯ ನಂಬಿಕೆ. ಎರಡು ಸಲ ಹುಡುಕಿದಾಗ ಬೆಲೆ ಏರಿದ್ದು ಕಂಡರೆ ‘ನನ್ನನ್ನೇ ಗುರುತು ಹಿಡಿದರು’ ಅನಿಸುವುದು ಸಹಜ. ಆದರೆ ವಿಮಾನದ ಬೆಲೆ ನಿಗದಿಯಾಗುವ ಕ್ರಮ ಬೇರೆ. 180 ಸೀಟಿನ ವಿಮಾನ ಎಂದಿಟ್ಟುಕೊಳ್ಳಿ. ಕಂಪೆನಿ ಆ ಸೀಟುಗಳನ್ನು ಹಲವು ದರದ ಗುಂಪುಗಳಾಗಿ ಹಂಚುತ್ತದೆ. ಕೆಲವು ತೀರಾ ಅಗ್ಗ, ಕೆಲವು ನಡುವಿನ ದರ, ಹೀಗೆ ಮೇಲಕ್ಕೆ. ಅಗ್ಗದ ಗುಂಪು ಖಾಲಿಯಾದರೆ ಮುಂದಿನದು ತೆರೆಯುತ್ತದೆ. ಯಾರೋ ಹಿಡಿದಿಟ್ಟ ಸೀಟು ಹಣ ಕಟ್ಟದೆ ಬಿಟ್ಟುಹೋದರೆ ಬೆಲೆ ಮತ್ತೆ ಇಳಿಯಲೂಬಹುದು. ನೀವು ಹತ್ತು ನಿಮಿಷ ಬಿಟ್ಟು ನೋಡಿದಾಗ ಕಂಡ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಇನ್‌ಕಾಗ್ನಿಟೊ ತೆರೆದರೆ ನಷ್ಟವಿಲ್ಲ, ಲಾಭವನ್ನೂ ನಿರೀಕ್ಷಿಸಬೇಡಿ. ‘ಮಂಗಳವಾರ ಮಧ್ಯರಾತ್ರಿ ಬುಕ್ ಮಾಡಿ’ ಎಂಬುದೂ ಅಷ್ಟೇ.

ಈ ಕ್ರಮ ಗೊತ್ತಿದ್ದರೆ ಒಂದು ನಿಜವಾದ ಉಪಾಯ ಸಿಗುತ್ತದೆ. ನಾಲ್ಕು ಜನ ಒಟ್ಟಿಗೆ ಹುಡುಕಿದಾಗ, ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದರೆ, ನಾಲ್ವರಿಗೂ ಮೇಲಿನ ದರವನ್ನೇ ತೋರಿಸುತ್ತದೆ. ಮೊದಲು ಒಬ್ಬರಿಗೆ ಹುಡುಕಿ ನೋಡಿ. ಬೆಲೆ ಬೇರೆ ಇದ್ದರೆ ಇಬ್ಬಿಬ್ಬರಾಗಿ ಬುಕ್ ಮಾಡಿ. ನಮ್ಮ ಗೆಳತಿಯರ ಗುಂಪಿನಲ್ಲಿ ಇದು ಒಮ್ಮೆ ಕೆಲಸ ಮಾಡಿದೆ.

ದುಡ್ಡು ಹೇಗೆ ಒಯ್ಯುವುದು?

‘ಈಗ ಫೋನ್‌ಪೇ ಎಲ್ಲ ದೇಶದಲ್ಲಿ ನಡೆಯುತ್ತದೆ’ ಎನ್ನುವವರಿದ್ದಾರೆ. ನೇಪಾಳ, ಭೂತಾನ್, ಶ್ರೀಲಂಕಾ, ಸಿಂಗಾಪುರ, ಯುಎಇ, ಮಾರಿಷಸ್, ಫ್ರಾನ್ಸ್‌ನಂಥ ಕೆಲವು ದೇಶಗಳಲ್ಲಿ, ಅದೂ ಆಯ್ದ ಅಂಗಡಿಗಳಲ್ಲಿ ಯುಪಿಐ ಸ್ವೀಕರಿಸುತ್ತಾರೆ. ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಮೊದಲೇ ಚಾಲೂ ಮಾಡಿಕೊಂಡಿರಬೇಕು. ಅದನ್ನೇ ನೆಚ್ಚಿಕೊಂಡು ಹೊರಡಬೇಡಿ.

ಮಾಮೂಲಿ ಡೆಬಿಟ್ ಕಾರ್ಡ್ ಉಜ್ಜಿದರೆ ಅನೇಕ ಬ್ಯಾಂಕುಗಳು ಶೇ 3.5ರಷ್ಟು ವಿನಿಮಯ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ ಹಾಕುತ್ತವೆ. ನೂರು ರೂಪಾಯಿಗೆ ನಾಲ್ಕು ರೂಪಾಯಿ ಹೋಯಿತು. ಫಾರೆಕ್ಸ್ ಕಾರ್ಡ್ ಅಥವಾ ಈ ಶುಲ್ಕವಿಲ್ಲದ ಕಾರ್ಡ್ ಇದ್ದರೆ ಒಳ್ಳೆಯದು. ಅಲ್ಲಿನ ಮೆಷಿನ್ ‘ರೂಪಾಯಿಯಲ್ಲಿ ಕೊಡುತ್ತೀರಾ, ಇಲ್ಲಿನ ಹಣದಲ್ಲಾ?’ ಎಂದು ಕೇಳಿದರೆ ಯಾವಾಗಲೂ ಅಲ್ಲಿನ ಹಣವನ್ನೇ ಒತ್ತಿ. ರೂಪಾಯಿ ಎಂದು ಒತ್ತಿದರೆ ಅವರು ಹೇಳಿದ್ದೇ ದರ, ಅದು ನಮಗೆ ಲಾಭದ ದರ ಆಗಿರುವುದು ಅಪರೂಪ.

ಪಾಸ್‌ಪೋರ್ಟೇ ಇಲ್ಲದವರಿಗೆ

ನೇಪಾಳಕ್ಕೆ ಪಾಸ್‌ಪೋರ್ಟ್ ಇಲ್ಲದೆ ಹೋಗಬಹುದು ಎಂಬುದು ನಿಜ. ಆಧಾರ್ ಸಾಕು ಎಂಬುದು ಸುಳ್ಳು. 15ರಿಂದ 65 ವರ್ಷದೊಳಗಿನವರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಬೇಕು. 100 ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ ಎಂಬ ಸ್ಥಿರ ದರವಿದೆ. ದೊಡ್ಡ ನೋಟು ಒಯ್ಯುವ ನಿಯಮ ಬದಲಾಗುತ್ತ ಬಂದಿರುವುದರಿಂದ ಹೊರಡುವ ಮುನ್ನ ವಿಚಾರಿಸಿ, ನೂರರ ನೋಟುಗಳಿದ್ದರೆ ನಿಶ್ಚಿಂತೆ. ಭೂತಾನ್‌ಗೂ ಮತದಾರರ ಚೀಟಿ ನಡೆಯುತ್ತದೆ. ಆದರೆ 2022ರ ಸೆಪ್ಟೆಂಬರ್‌ನಿಂದ ಭಾರತೀಯರಿಗೆ ರಾತ್ರಿಗೆ ₹1,200 ಸುಸ್ಥಿರ ಅಭಿವೃದ್ಧಿ ಶುಲ್ಕ ಉಂಟು. ಐದು ರಾತ್ರಿಗೆ ₹6,000, ಊಟ ವಸತಿ ಬಿಟ್ಟು. ಫಾರ್ವರ್ಡ್‌ನಲ್ಲಿ ಭೂತಾನ್ ಈಗಲೂ ‘ಅತಿ ಅಗ್ಗ’.

ಸ್ಕೂಟರ್, ಗಸಗಸೆ ಮತ್ತು ಆಸ್ಪತ್ರೆ

ಇನ್ಶೂರೆನ್ಸ್‌ಗೆ ಏಳುನೂರು ದಂಡ ಎಂದು ನನ್ನ ಅಣ್ಣನೇ ಹೇಳಿದ್ದ. ಹೊರದೇಶದಲ್ಲಿ ಒಂದು ಮೂಳೆ ಮುರಿದರೆ ಬರುವ ಬಿಲ್ ಇಡೀ ಪ್ರವಾಸದ ಖರ್ಚನ್ನು ನುಂಗಿಬಿಡುತ್ತದೆ. ಆದರೆ ಪಾಲಿಸಿ ಇದ್ದರೆ ಸಾಲದು. ಥೈಲ್ಯಾಂಡ್, ವಿಯೆಟ್ನಾಂನಲ್ಲಿ ನಮ್ಮ ಹುಡುಗರು ಇಳಿದ ತಕ್ಷಣ ಬಾಡಿಗೆ ಸ್ಕೂಟರ್ ಹಿಡಿಯುತ್ತಾರೆ. ಆ ದೇಶದಲ್ಲಿ ಮಾನ್ಯವಲ್ಲದ ಲೈಸೆನ್ಸಿನಲ್ಲಿ ಓಡಿಸಿ ಬಿದ್ದರೆ ವಿಮಾ ಕಂಪೆನಿ ಕ್ಲೇಮ್ ನಿರಾಕರಿಸಬಹುದು. ಆರ್‌ಟಿಒದಲ್ಲಿ ₹1,000 ಕಟ್ಟಿದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಸಿಗುತ್ತದೆ. ಥೈಲ್ಯಾಂಡಿನಲ್ಲಿ ಅದು ನಡೆಯುತ್ತದೆ. ವಿಯೆಟ್ನಾಂನಲ್ಲಿ ನಡೆಯುವುದಿಲ್ಲ. ಭಾರತ ಕೊಡುವುದು 1949ರ ಒಪ್ಪಂದದ ಪರವಾನಗಿ, ವಿಯೆಟ್ನಾಂ ಒಪ್ಪುವುದು 1968ರ ಒಪ್ಪಂದದ್ದನ್ನು. ಬಾಡಿಗೆ ಅಂಗಡಿಯವರು ಕೇಳುವುದಿಲ್ಲ ಎಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ.

ಗಲ್ಫ್‌ನಲ್ಲಿ ಅಕ್ಕನ ಮನೆ, ಮಾವನ ರೂಮು ಇರುವವರಿಗೆ ವಸತಿ ಖರ್ಚು ಉಳಿಯುತ್ತದೆ. ಅಂಥವರು ಸಾಮಾನ್ಯವಾಗಿ ಊರಿನ ಸಾಮಾನು ಹೊತ್ತೇ ಹೋಗುವುದು. ಗಸಗಸೆ ಯುಎಇ, ಸೌದಿ, ಸಿಂಗಾಪುರದಲ್ಲಿ ನಿಷಿದ್ಧ, ಏಕೆಂದರೆ ಅದು ಅಫೀಮು ಗಿಡದ ಬೀಜ. ಮನೆಯಲ್ಲಿ ಹುರಿದು ಪುಡಿ ಮಾಡಿದ ಕೋಳಿ ಮಸಾಲೆಗೆ ಅಮ್ಮ ಗಸಗಸೆ ಹಾಕಿದ್ದಾರಾ ಎಂದು ಕೇಳಿಕೊಳ್ಳಿ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ ಕೂಡ ಯುಎಇಯಲ್ಲಿ ನಿಯಂತ್ರಿತ, ಮೊದಲೇ ಅನುಮತಿ ಬೇಕು. ವೀಸಾ ಅವಧಿ ಮೀರಿ ನಿಂತರೆ ಅಲ್ಲಿ ದಿನಕ್ಕೆ 50 ದಿರ್ಹಮ್ ದಂಡ.

‘ಅಲ್ಲೇ ಕೆಲಸ’ ಎಂಬ ಕೊನೆಯ ಸಾಲು

ಜೆರಾಕ್ಸ್ ಅಂಗಡಿಯ ಹುಡುಗ ನಿಜವಾಗಿ ಕೇಳಲು ಬಂದದ್ದು ಇದನ್ನೇ, ಪ್ರವಾಸ ಬರೀ ನೆಪ. ಅವನು ಆ ನಂಬರಿಗೆ ಮೆಸೇಜ್ ಕೂಡ ಮಾಡಿದ್ದ. "ಬ್ಯಾಂಕಾಕಿಗೆ ಬಾ, ವೀಸಾ ಬೇಡ, ನಮ್ಮ ಗಾಡಿ ಏರ್‌ಪೋರ್ಟಿಗೆ ಬರುತ್ತದೆ" ಎಂಬ ಉತ್ತರ ಬಂದಿತ್ತು. ಕಂಪೆನಿ ಯಾವ ಊರಲ್ಲಿದೆ ಎಂದು ಕೇಳಿದ್ದಕ್ಕೆ ಉತ್ತರವಿಲ್ಲ.

ಆ ಗಾಡಿ ಹೋಗುವ ದಾರಿ ಈಗ ಚೆನ್ನಾಗಿ ಗೊತ್ತಾಗಿದೆ. ಬ್ಯಾಂಕಾಕ್‌ನಿಂದ ಗಡಿಯ ಮೇ ಸಾಟ್, ಅಲ್ಲಿಂದ ನದಿ ದಾಟಿ ಮ್ಯಾನ್ಮಾರ್‌ನ ಮ್ಯಾವಾಡಿ. ಅಲ್ಲಿ ಬೇಲಿ ಹಾಕಿದ ಕಟ್ಟಡಗಳು, ಬಂದೂಕು ಹಿಡಿದ ಕಾವಲು. ಪಾಸ್‌ಪೋರ್ಟ್ ಕಿತ್ತುಕೊಂಡು, ದಿನಕ್ಕೆ ಹದಿನಾರು ಗಂಟೆಯವರೆಗೂ ಬೇರೆಯವರನ್ನು ಆನ್‌ಲೈನ್‌ನಲ್ಲಿ ವಂಚಿಸುವ ಕೆಲಸ ಮಾಡಿಸುತ್ತಾರೆ. ನಿಮಗೆ ಬರುವ ‘ಡಿಜಿಟಲ್ ಅರೆಸ್ಟ್’, ಹೂಡಿಕೆ ಆಮಿಷದ ಕರೆಗಳಲ್ಲಿ ಕೆಲವು ಇಂಥ ಕಡೆಯಿಂದಲೇ ಬರುತ್ತವೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಕೊಟ್ಟ ಅಂದಾಜಿನಂತೆ ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಮತ್ತು ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಸಿಕ್ಕಿಬಿದ್ದಿರಬಹುದು. 2025ರ ಮಾರ್ಚ್ 10 ಮತ್ತು 11ರಂದು 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಮೇ ಸಾಟ್‌ನಿಂದ ವಾಪಸ್ ಕರೆತರಲಾಯಿತು. ಓದಿದವರು, ಕಂಪ್ಯೂಟರ್ ಗೊತ್ತಿರುವವರು, ಇಂಗ್ಲಿಷ್ ಬರುವವರೇ ಇವರಿಗೆ ಬೇಕಾಗಿರುವುದು. ಹಾಗಾಗಿ ‘ನನ್ನ ಮಗ ಡಿಗ್ರಿ ಮಾಡಿದ್ದಾನೆ, ಮೋಸ ಹೋಗುವುದಿಲ್ಲ’ ಎಂದು ಧೈರ್ಯದಿಂದಿರಬೇಡಿ.

ಪ್ರವಾಸಿ ಪ್ರವೇಶದಲ್ಲಿ ಕೆಲಸ ಮಾಡುವುದು ಥೈಲ್ಯಾಂಡ್, ಮಲೇಷ್ಯಾ ಎರಡರಲ್ಲೂ ಕಾನೂನುಬಾಹಿರ. ನಮ್ಮ ವಿಮಾನ ನಿಲ್ದಾಣದ ಇಮಿಗ್ರೇಷನ್ ಅಧಿಕಾರಿ ಯುವಕರನ್ನು ಹೆಚ್ಚು ಪ್ರಶ್ನೆ ಕೇಳುವುದಕ್ಕೂ ಇದು ಒಂದು ಕಾರಣ. ನಿಜವಾಗಿ ಪ್ರವಾಸಕ್ಕೇ ಹೊರಟವರು ರಿಟರ್ನ್ ಟಿಕೆಟ್, ವಸತಿ ಬುಕಿಂಗ್, ಖರ್ಚಿಗೆ ಹಣ ಇರುವ ದಾಖಲೆ ಇಟ್ಟುಕೊಂಡರೆ ಸಾಕು. ಐನೂರು ರೂಪಾಯಿಗೆ ಸಿಗುವ ನಕಲಿ ‘ಡಮ್ಮಿ ಟಿಕೆಟ್’ ತೋರಿಸಬೇಡಿ. ಅದರ ಪಿಎನ್‌ಆರ್ ನಂಬರನ್ನು ಅಲ್ಲೇ ಕೌಂಟರಿನಲ್ಲಿ ಪರೀಕ್ಷಿಸಲು ಎರಡು ನಿಮಿಷ ಸಾಕು.

ವಿದೇಶದಲ್ಲಿ ಕೆಲಸ ಕೊಡಿಸುತ್ತೇವೆ ಎನ್ನುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ನೋಡಬಹುದು. ಅವರು ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ ₹30,000 ಮತ್ತು ಜಿಎಸ್‌ಟಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಎಂದಿದ್ದರೆ ಮಲೇಷ್ಯಾ, ಥೈಲ್ಯಾಂಡ್, ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಸರ್ಕಾರದ ಅನುಮತಿ ಬೇಕು. ಪ್ರವಾಸಕ್ಕೆ ಬೇಡ.

ದುಡಿಯುತ್ತ ದೇಶ ನೋಡಬೇಕು ಎನ್ನುವ ಯುವಕರಿಗೆ ಕಾನೂನುಬದ್ಧ ದಾರಿ ಇಲ್ಲವೆಂದಲ್ಲ. ಬ್ರಿಟನ್ನಿನ ಯಂಗ್ ಪ್ರೊಫೆಷನಲ್ಸ್ ಯೋಜನೆಯಲ್ಲಿ 18ರಿಂದ 30 ವರ್ಷದ ಪದವೀಧರ ಭಾರತೀಯರಿಗೆ ವರ್ಷಕ್ಕೆ 3,000 ಅವಕಾಶ, ಎರಡು ವರ್ಷ ಇರಬಹುದು. ಆಯ್ಕೆ ಲಾಟರಿಯಲ್ಲಿ, ಹೆಸರು ಹಾಕಲು ಹಣವಿಲ್ಲ. ಆದರೆ ಖಾತೆಯಲ್ಲಿ 2,530 ಪೌಂಡ್ ಉಳಿತಾಯ ತೋರಿಸಬೇಕು. ಆರೋಗ್ಯ ಶುಲ್ಕವೇ ವರ್ಷಕ್ಕೆ 776 ಪೌಂಡ್. ಆಸ್ಟ್ರೇಲಿಯಾದ ವರ್ಕ್ ಆ್ಯಂಡ್ ಹಾಲಿಡೇ ವೀಸಾದ ಲಾಟರಿ ಭಾರತೀಯರಿಗೆ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು, ವರ್ಷಕ್ಕೆ 1,000 ಜನ, ಹೆಸರು ಹಾಕಲು 25 ಆಸ್ಟ್ರೇಲಿಯನ್ ಡಾಲರ್. ಲಾಟರಿಯಲ್ಲಿ ‘ನಿಮ್ಮ ಹೆಸರು ಖಂಡಿತ ಬರಿಸುತ್ತೇವೆ’ ಎನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಈಗಾಗಲೇ ಹಣ ಕಳಿಸಿದ್ದರೆ ನಾಚಿಕೆಪಟ್ಟು ಕೂರಬೇಡಿ, ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಅಲ್ಲಿಗೆ ತಲುಪಿ ಸಿಕ್ಕಿಬಿದ್ದವರ ಮನೆಯವರು ಸ್ಥಳೀಯ ಪೊಲೀಸ್ ಠಾಣೆಯ ಜೊತೆಗೆ ಆ ದೇಶದ ಭಾರತೀಯ ರಾಯಭಾರ ಕಚೇರಿಗೂ ದೂರು ಕೊಡಬೇಕು.

ಹುಡುಗ ಆ ನಂಬರಿಗೆ ತನ್ನ ಪಾಸ್‌ಪೋರ್ಟ್‌ನ ಫೋಟೊ ಕಳಿಸಿದ್ದ, ಹಣ ಕಳಿಸಿರಲಿಲ್ಲ. ನಂಬರ್ ಬ್ಲಾಕ್ ಮಾಡಿ, ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ದಾಖಲಿಸಿದೆವು. ಈಗ ಇಬ್ಬರು ಗೆಳೆಯರ ಜೊತೆ ಪೆನಾಂಗ್‌ಗೆ ಹೋಗುವ ಲೆಕ್ಕ ಹಾಕುತ್ತಿದ್ದಾನೆ. ಮೊನ್ನೆ ಅಂಗಡಿಯ ತಕ್ಕಡಿಯಲ್ಲೇ ಖಾಲಿ ಬ್ಯಾಗು ತೂಗಿ ನೋಡಿದ. ಬರೀ ಬ್ಯಾಗೇ ಒಂದೂಮುಕ್ಕಾಲು ಕೆಜಿ.